ಗರಡಿಯ ಬಾಗಿಲು ಮತ್ತು ಬೆಳತೂರಿನ ಕಲ್ಲು

ದಸರೆ ಮುಗಿದ ವಾರ ಹುಣಸೂರಿನ ನಮ್ಮ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ಒಂದು ವಾದ ಹತ್ತಿಕೊಂಡಿತು. ದೊಡ್ಡಪ್ಪ ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ದಸರಾ ಕುಸ್ತಿಗೆ ಎರಡು ಸಲ ಜೋಡಿ ಕಟ್ಟಿಸಿಕೊಂಡು, ಒಮ್ಮೆ ಗೆದ್ದು, ಒಮ್ಮೆ ಚಿತ್ ಆಗಿ ಬಂದವರು. ಅವರ ಎಡಗಿವಿ ಇವತ್ತಿಗೂ ಒಣಗಿದ ಎಲೆಯ ಹಾಗೆ ಮುದುಡಿಕೊಂಡಿದೆ. ಅವರ ಮಗ, ಅಂದರೆ ನನ್ನ ತಮ್ಮ, ಮೈಸೂರಿನಲ್ಲಿ ಜಿಮ್ಮಿಗೆ ಹೋಗುತ್ತಾನೆ, ರಾತ್ರಿಯೆಲ್ಲ ಮೊಬೈಲಿನಲ್ಲಿ ಎಂಎಂಎ ಪಂದ್ಯ ನೋಡುತ್ತಾನೆ. ಅಪ್ಪನನ್ನು ಕೆಣಕುವುದು ಅವನಿಗೆ ಊಟದ ನಂತರದ ಎಲೆ ಅಡಿಕೆ.

"ಅಪ್ಪಾ, ನಿನ್ನ ಪಟ್ಟುಗಳೆಲ್ಲ ಮಣ್ಣಿನ ಮೇಲೆ. ಟಾರು ರೋಡಲ್ಲಿ ಒಬ್ಬ ಚಾಕು ಹಿಡ್ಕೊಂಡು ಬಂದ್ರೆ ಏನ್ ಮಾಡ್ತೀಯ?"

ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಓಡೋಯ್ತೀನಿ ಕಣ್ಲಾ. ಇನ್ನೇನ್ ಮಾಡ್ಲಿ?"

ತಮ್ಮ ಗೆದ್ದವನಂತೆ ನಕ್ಕ. ದೊಡ್ಡಪ್ಪ ನನ್ನ ಕಡೆ ತಿರುಗಿದರು. "ನೀನು ಅದೇನೋ ಕಲ್ಲು ಓದ್ತಾ ಇದೀಯಲ್ಲವ್ವ, ನೀನೇ ಹೇಳು. ಹಿಂದಿನೋರು ಇದ್ನೆಲ್ಲ ಬರೀ ಆಟಕ್ಕೆ ಮಾಡಿದ್ರಾ?"

ನನ್ನ ಪಿಎಚ್.ಡಿ. ಕೆಲಸ ಹಳೆ ಮೈಸೂರು ಸೀಮೆಯ ವೀರಗಲ್ಲುಗಳ ಮೇಲೆ. ದಿನವಿಡೀ ಕತ್ತಿ, ಬಿಲ್ಲು, ಗುರಾಣಿಗಳ ನಡುವೆಯೇ ಇರುವವಳು. ಆದರೂ ಆ ರಾತ್ರಿ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವೀರಗಲ್ಲಿನ ವಿಚಾರವನ್ನೇ ಹೇಳಿಬಿಡುತ್ತೇನೆ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಕಡೆ ಓಡಾಡಿದವರಿಗೆ ಇವು ಹೊಸದಲ್ಲ. ಕೆರೆ ಏರಿಯ ಮೇಲೆ, ಮಾರಿಗುಡಿಯ ಹಿಂದೆ, ಕೆಲವು ಕಡೆ ಬಟ್ಟೆ ಒಗೆಯುವ ಚಪ್ಪಡಿಯಾಗಿಯೂ ಸಿಗುತ್ತವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಯಾತಕ್ಕಾಗಿ ಸತ್ತ ಎಂಬುದನ್ನು ಶಾಸನಗಳು ಒಂದೊಂದು ಮಾತಿನಲ್ಲಿ ಹೇಳಿ ಮುಗಿಸುತ್ತವೆ. ತುರುಗೋಳು ಎಂದರೆ ದನ ಹೊಡೆದುಕೊಂಡು ಹೋದವರ ಜೊತೆ ಕಾದಾಟ. ಊರಳಿವು ಎಂದರೆ ಊರಿಗೆ ಊರೇ ಹಾಳಾಗುವಾಗ ನಡೆದದ್ದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ; ಹೆಂಗಸರ ಮೇಲೆ ಕೈಮಾಡಿದವರನ್ನು ತಡೆಯಲು ಹೋಗಿ ಸತ್ತವನ ಕಲ್ಲು. ಆತ್ಮರಕ್ಷಣೆ ಎಂದು ನಾವು ಇವತ್ತು ಕರೆಯುವುದಕ್ಕೆ ನಮ್ಮ ನಾಡಿನಲ್ಲಿ ಉಳಿದಿರುವ ಅತಿ ಹಳೆಯ ದಾಖಲೆ ಇದೇ. ಅದನ್ನು ಆಟವೆಂದು ಯಾರೂ ಹೇಳುವ ಹಾಗಿಲ್ಲ.

ಈಗ ಆ ಕೆಳಗಿನ ಪಟ್ಟಿಕೆಯನ್ನು ತಮ್ಮನ ಕಣ್ಣಿನಿಂದ ನೋಡಬೇಕು. ಬರಿಗೈಯಲ್ಲಿ ಕಾದುವವನು ಅಲ್ಲಿ ಕಾಣುವುದೇ ಅಪರೂಪ. ಬಿಲ್ಲಿದೆ, ಕತ್ತಿ ಗುರಾಣಿ ಇದೆ, ಈಟಿ ಇದೆ, ಸೊಂಟದಲ್ಲಿ ಸುರಿಗೆ ಇದೆ. ಎದುರಿನವರು ಹಲವರು, ಇವನು ಒಬ್ಬ. ಎಷ್ಟೋ ಕಲ್ಲುಗಳಲ್ಲಿ ವೀರನ ಮೈಗೆ ಬಾಣಗಳು ನಾಟಿರುತ್ತವೆ. ಅಂದರೆ ಎದುರಾಳಿ ಅವನ ಕೈಗೆ ಸಿಗುವಷ್ಟು ಹತ್ತಿರ ಬಂದೇ ಇಲ್ಲ. ಇನ್ನೊಂದು ವಿಷಯ ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ವೀರಗಲ್ಲುಗಳು ಗೆದ್ದವರ ಪಟ್ಟಿಯಲ್ಲ, ಸತ್ತವರ ಪಟ್ಟಿ. ದನ ಬಿಡಿಸಿಕೊಂಡು ಬದುಕಿ ಮನೆಗೆ ಬಂದವನಿಗೆ ಕಲ್ಲಿಲ್ಲ. ಲೆಕ್ಕ ಹಾಕಿ, ಇವರು ಹತ್ತು ಜನ ಇದ್ದಾರೆ ಎಂದು ಹಿಂದೆ ಸರಿದು, ಊರವರನ್ನು ಕೂಗಿ ಕರೆದವನಿಗೂ ಕಲ್ಲಿಲ್ಲ. ದೊಡ್ಡಪ್ಪನ "ಓಡೋಯ್ತೀನಿ" ಎಂಬ ಜಾಣತನ ಎಷ್ಟು ಸಾವಿರ ಜನರನ್ನು ಉಳಿಸಿತೋ, ಅದನ್ನು ಕೆತ್ತಿದವರು ಯಾರೂ ಇಲ್ಲ. ನನ್ನ ಆಕರಗಳೆಲ್ಲ ಹುಟ್ಟುವಾಗಲೇ ಒಂದು ಕಡೆಗೆ ವಾಲಿಕೊಂಡಿವೆ.

ಆಯುಧದ ಮಾತಿಗೆ ಬಂದರೆ, ನಮ್ಮ ಶಾಸನಗಳಲ್ಲಿ ಅತಿ ಹೆಚ್ಚು ಚರ್ಚೆಯಾದ ಒಂದು ಇರಿತ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಬಹುತೇಕ ಎಲ್ಲರಿಗೂ ಗೊತ್ತು, ಕಾಳಿ ಎಂಬ ನಾಯಿಯಿಂದಾಗಿ. ಆ ನಾಯಿ ಹಂದಿಯ ಜೊತೆ ಕಾದಿ ತಾನೂ ಸತ್ತು ಹಂದಿಯನ್ನೂ ಕೊಂದಿತು. ಅದೇ ಕಲ್ಲಿನಲ್ಲಿ 949ರ ತಕ್ಕೋಲದ ಯುದ್ಧದ ಮಾತೂ ಬರುತ್ತದೆ. ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಸುರಿಗೆಯಿಂದ ಇರಿದು ಕೊಂದ ಎಂದು. ಎಲ್ಲಿ ಇರಿದ? ಶಾಸನದಲ್ಲಿರುವ ಪದ 'ಬಿಸುಗೆ'. ಫ್ಲೀಟ್ ಅದನ್ನು ಅಪ್ಪುಗೆ ಎಂದು ಓದಿ, ತಬ್ಬಿಕೊಂಡು ಮೋಸದಿಂದ ತಿವಿದ ಎಂಬ ಅರ್ಥ ಹೊರಡಿಸಿದರು. ಆಮೇಲಿನ ವಿದ್ವಾಂಸರು ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ ಎಂದು ತಿದ್ದಿದರು: ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕೊಂದ. ಚೋಳರ ಕಡೆಯ ತಾಮ್ರಶಾಸನವೋ ರಾಜಾದಿತ್ಯ ಆನೆಯ ಮೇಲೆ ಬಾಣ ತಾಗಿ ಸತ್ತ ಎನ್ನುತ್ತದೆ. ಒಂದು ಪದದ ಅರ್ಥದಲ್ಲಿ ಬೂತುಗ ಮೋಸಗಾರ, ಇನ್ನೊಂದರಲ್ಲಿ ಶೂರ. ನನಗೆ ಹಿಡಿಸುವುದು ಅಂಬಾರಿಯ ಓದು. ಅದಕ್ಕೆ ಭಾಷೆಯ ಕಾರಣವಲ್ಲದೆ ಕೈಯ ಕಾರಣವೂ ಇದೆ. ಇಬ್ಬರು ನಿಲ್ಲುವುದಕ್ಕೂ ಜಾಗವಿಲ್ಲದ ಕಡೆ ಉದ್ದ ಕತ್ತಿ ಬೀಸಲಾಗುವುದಿಲ್ಲ, ಗಿಡ್ಡ ಸುರಿಗೆಯೇ ಬೇಕು. ಆಯುಧ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಜಾಗ ಹೇಳುತ್ತದೆ ಎಂದು ದೊಡ್ಡಪ್ಪನಿಗೆ ಹೇಳಿದರೆ ಅವರು ಅದೇನು ಹೊಸ ಮಾತೇ ಎನ್ನುವಂತೆ ನೋಡಿದರು.

ಆದರೆ ಅವರು ಕೇಳಿದ್ದು ಕುಸ್ತಿಯ ಬಗ್ಗೆ. ಅದಕ್ಕೆ ಉತ್ತರ ಕೋಟೆ ಸೀಮೆಯಲ್ಲೇ ಇದೆ, ಬೆಳತೂರಿನಲ್ಲಿ.

ಈ ಶಾಸನವನ್ನು ನಾನು ಮೊದಲು ಓದಿದ್ದು ಕಲ್ಲಿನ ಮೇಲಲ್ಲ, ಗ್ರಂಥಾಲಯದಲ್ಲಿ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ, ಹಾಳೆ ಮುಟ್ಟಿದರೆ ಪುಡಿಯಾಗುವಂಥ ಪ್ರತಿಯಲ್ಲಿ. ಕಾಲ 1057. ಗಂಗರು ಹೋಗಿ ಅರ್ಧ ಶತಮಾನವಾಗಿತ್ತು, ಈ ಸೀಮೆ ಚೋಳರ ಕೈಯಲ್ಲಿತ್ತು, ತಲಕಾಡಿಗೆ ರಾಜರಾಜಪುರ ಎಂಬ ಹೊಸ ಹೆಸರು ಬಿದ್ದಿತ್ತು. ದೇಕಬ್ಬೆ ಎಂಬವಳು ನುಗುನಾಡಿನ ರವಿಗನ ಮಗಳು. ಅವಳನ್ನು ನವಲೆನಾಡಿನ ಒಡೆಯ ಏಚನಿಗೆ ಕೊಟ್ಟಿತ್ತು. ಏಚ ಮಲ್ಲಯುದ್ಧದಲ್ಲಿ ದಾಯಿಗನೊಬ್ಬನನ್ನು ಕೊಂದ. ಅರಸನ ಕಡೆಯವರು ಅವನನ್ನು ತಲಕಾಡಿಗೆ ಒಯ್ದು ಕೊಲ್ಲಿಸಿದರು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ತಂದೆತಾಯಿ, ನೆಂಟರು ಬೇಡವೆಂದು ಅತ್ತು ಕರೆದರು. ಅವಳು ಕೇಳಲಿಲ್ಲ. ಕಲ್ಲು ನಿಂತಿರುವುದು ಅವಳ ನೆನಪಿಗೆ.

ಸಾಹಿತ್ಯ ಓದುವವರು ಈ ಶಾಸನವನ್ನು ಅದರ ಪದ್ಯಗಳಿಗಾಗಿ ಮೆಚ್ಚುತ್ತಾರೆ. ತರಗತಿಗಳಲ್ಲಿ ಸತಿಪದ್ಧತಿಯ ಮಾತು ಬಂದಾಗ ಉದಾಹರಣೆಯಾಗಿ ಬರುತ್ತದೆ. ನನಗೆ ಮಾತ್ರ ಏಚನ ಕುಸ್ತಿ ತಲೆಯಿಂದ ಹೋಗುವುದಿಲ್ಲ. ತಮ್ಮ ಕೇಳುವ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ? ಮಲ್ಲವಿದ್ಯೆ ನಿಜವಾಗಿ ಕೆಲಸಕ್ಕೆ ಬರುತ್ತದೆಯೇ? ಬಂತು. ಎದುರಾಳಿ ಸತ್ತ. ಕೆಲಸಕ್ಕೆ ಬಂದದ್ದರಿಂದಲೇ ಏಚನೂ ಸತ್ತ, ದೇಕಬ್ಬೆಯೂ ಸತ್ತಳು. ಪಟ್ಟು ಗೆದ್ದಿತು, ಪಟ್ಟು ಹಾಕಿದವನ ಮನೆ ಉಳಿಯಲಿಲ್ಲ.

ಇದನ್ನು ಕಾನೂನಿನ ಭಾಷೆಯಲ್ಲಿ ಹೇಳಿದರೆ ಇವತ್ತಿನ ಪೊಲೀಸ್ ಠಾಣೆಯ ವ್ಯವಹಾರವೇ. ನಮ್ಮ ದಂಡಸಂಹಿತೆಯಲ್ಲಿ ಖಾಸಗಿ ರಕ್ಷಣೆಯ ಹಕ್ಕು ಮೊದಲಿನಿಂದಲೂ ಇದೆ. ಹಳೆಯ ಐಪಿಸಿಯಲ್ಲಿ 96ರಿಂದ 106ನೆಯ ಕಲಮುಗಳು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44. ಹಕ್ಕಿನ ಜೊತೆಗೇ ಒಂದು ಮಿತಿ: ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಎಷ್ಟು ಬೇಕಾಗಿತ್ತು ಎಂಬುದನ್ನು ಆಮೇಲೆ, ಫ್ಯಾನು ತಿರುಗುವ ಕೋಣೆಯಲ್ಲಿ ಕೂತವರು ತೀರ್ಮಾನಿಸುತ್ತಾರೆ. ಏಚನ ಪಾಲಿಗೆ ಆ ಕೋಣೆ ತಲಕಾಡಿನಲ್ಲಿತ್ತು.

ತಮ್ಮನ ವಾದದ ಬುಡ ಅಮೆರಿಕದಲ್ಲಿದೆ. 1993ರ ನವೆಂಬರಿನಲ್ಲಿ ಡೆನ್ವರ್ ನಗರದಲ್ಲಿ ಮೊದಲ ಯುಎಫ್‌ಸಿ ಪಂದ್ಯ ನಡೆಯಿತು. ಬೇರೆ ಬೇರೆ ವಿದ್ಯೆಯವರನ್ನು ಒಂದೇ ಕಟಕಟೆಯೊಳಗೆ ಬಿಟ್ಟು ಯಾವುದು ಗೆಲ್ಲುತ್ತದೆ ನೋಡೋಣ ಎಂದರು. ಗೆದ್ದದ್ದು ಬ್ರೆಜಿಲಿನ ರಾಯ್ಸ್ ಗ್ರೇಸಿ, ಉಳಿದವರಿಗಿಂತ ಸಣ್ಣ ಮೈಯವನು, ನೆಲಕ್ಕೆ ಕೆಡವಿ ಕತ್ತು ಹಿಸುಕುವ ವಿದ್ಯೆಯವನು. ಅಂದಿನಿಂದ ಜಗತ್ತಿನ ಎಲ್ಲ ಊರುಗಳಲ್ಲೂ ತಮ್ಮನಂಥವರು ಹಿರಿಯರನ್ನು ಕೆಣಕುತ್ತಿದ್ದಾರೆ. ಕುಸ್ತಿಯ ಮಟ್ಟಿಗೆ ಹೇಳುವುದಾದರೆ ಆ ಪಂದ್ಯ ಸಾಬೀತು ಮಾಡಿದ್ದು ದೊಡ್ಡಪ್ಪನ ಮಾತನ್ನೇ: ಹಿಡಿಯಲು ಬರುವವನು ಹೊಡೆಯುವವನಿಗಿಂತ ಕಡಿಮೆಯಲ್ಲ. ಅದನ್ನು ತಮ್ಮ ಒಪ್ಪುತ್ತಾನೆ. "ಆದ್ರೂ ಅಕ್ಕಾ, ಇವ್ರದ್ರಲ್ಲಿ ಡೇಂಜರ್ ಆಗಿರೋದನ್ನೆಲ್ಲ ತೆಗೆದು ಹಾಕ್ಬಿಟ್ಟಿದಾರೆ" ಎನ್ನುವುದು ಅವನ ಕೊನೆಯ ತಕರಾರು.

ತೆಗೆದದ್ದೇ ಅದರ ಬಲ ಎಂದು ನಾನು ವಾದಿಸುತ್ತೇನೆ. ಜಪಾನಿನ ಕಾನೋ 1882ರಲ್ಲಿ ಜೂಡೋ ಶಾಲೆ ತೆರೆದಾಗ ಹಳೆಯ ವಿದ್ಯೆಯ ಮಾರಕ ಪೆಟ್ಟುಗಳನ್ನು ಸ್ಪರ್ಧೆಯಿಂದ ಹೊರಗಿಟ್ಟ. ಕಣ್ಣಿಗೆ ಚುಚ್ಚುವುದನ್ನು ಗೆಳೆಯನ ಮೇಲೆ ದಿನಾ ಅಭ್ಯಾಸ ಮಾಡಲಾಗುವುದಿಲ್ಲ. ಎತ್ತಿ ಒಗೆಯುವುದನ್ನು ದಿನಕ್ಕೆ ನೂರು ಸಲ, ಪೂರ್ತಿ ಬಲದಿಂದ, ತಪ್ಪಿಸಿಕೊಳ್ಳಲು ಒದ್ದಾಡುವ ಮೈಯ ಮೇಲೆ ಮಾಡಬಹುದು. ನಮ್ಮ ಗರಡಿಯ ಮಟ್ಟಿಯೂ ಅದೇ ಲೆಕ್ಕದ್ದು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಕುಂಕುಮ ಬೆರೆಸಿ ಮೆತ್ತಗೆ ಮಾಡುವುದು ಶಾಸ್ತ್ರಕ್ಕಷ್ಟೇ ಅಲ್ಲ. ಸಾವಿರ ಸಲ ಬಿದ್ದರೂ ಮರುದಿನ ಎದ್ದು ಬರುವುದಕ್ಕೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ವಿವರವಾಗಿ ಬರೆಸಿದ್ದಾನೆ. ಅದು ಬರುವುದು ಯುದ್ಧದ ಭಾಗದಲ್ಲಲ್ಲ, ಅರಸನ ವಿನೋದಗಳ ಭಾಗದಲ್ಲಿ.

ಮಾರಕವಾದದ್ದನ್ನು ತೆಗೆಯದೆ ಉಳಿಸಿಕೊಂಡ ಒಂದು ಕಾಳಗವೂ ನಮ್ಮಲ್ಲಿದೆ. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ. ತಲೆ ಬೋಳಿಸಿ, ಹಿಂದೆ ಜುಟ್ಟು ಬಿಟ್ಟು, ಗೆಣ್ಣುಗಳ ಮೇಲೆ ಮೊನೆಗಳಿರುವ ವಜ್ರನಖ ಹಿಡಿದು ಇಬ್ಬರು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ಮೊದಲ ರಕ್ತ ಜಿನುಗಿದ ಕೂಡಲೇ ಮುಗಿಯಿತು. ಇದರ ಬೇರು ವಿಜಯನಗರದವರೆಗೂ ಹೋಗುತ್ತದೆ. 1520ರ ಸುಮಾರಿಗೆ ಬಂದ ಪಾಯೆಸ್ ಮಹಾನವಮಿಯಲ್ಲಿ ಹಲ್ಲು ಮುರಿಯುವ, ಕಣ್ಣು ಹೋಗುವ ಮಲ್ಲರ ಹೊಡೆದಾಟ ನೋಡಿದ. 1535ರ ಸುಮಾರಿಗೆ ನೂನಿಜ್ ಅವರ ಕೈಯಲ್ಲಿ ಮೊನೆಯುಳ್ಳ ಬಳೆಯಂಥ ಆಯುಧವಿರುವುದನ್ನೂ, ಹೆಚ್ಚು ಗಾಯಗೊಂಡವನಿಗೆ ರೇಷ್ಮೆ ಬಟ್ಟೆ ಸಿಗುವುದನ್ನೂ ಬರೆದ. ಗಮನಿಸಿ, ಬಹುಮಾನ ಗಾಯಗೊಂಡವನಿಗೆ! ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರ್ರಿಯೂ ಶ್ರೀರಂಗಪಟ್ಟಣದ ಜಟ್ಟಿ ಕಾಳಗದ ಬಗ್ಗೆ ಬರೆದಿದ್ದಾನೆ. ಅರಸು ಹೇಳಿದವರ ಪ್ರಾಣ ತೆಗೆಯುವ ಕೆಲಸವೂ ಜಟ್ಟಿಗಳದ್ದೇ ಆಗಿತ್ತು ಎಂಬುದು ಆ ಕಾಲದ ಸೆರೆಯಾಳುಗಳ ಬರಹಗಳಿಂದ ತಿಳಿಯುತ್ತದೆ. ಅದೇ ಜಟ್ಟಿಗಳು ಮುರಿದ ಮೂಳೆ ಕೂರಿಸುವುದಕ್ಕೂ ಹೆಸರಾದವರು. ಎಲ್ಲಿ ಮುರಿಯುತ್ತದೆ ಎಂದು ತಿಳಿದವನಿಗೇ ಎಲ್ಲಿ ಜೋಡಿಸಬೇಕೆಂದೂ ತಿಳಿದಿರುತ್ತದೆ.

ಮೊದಲ ರಕ್ತಕ್ಕೆ ನಿಲ್ಲಿಸುವ ಈ ಕಟ್ಟಳೆಯನ್ನು ನೋಡಿ "ಇದೆಲ್ಲ ತೋರಿಕೆ" ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಯುಧ ಹೆಚ್ಚು ಹರಿತವಾದಷ್ಟೂ ಕಟ್ಟಳೆ ಹೆಚ್ಚು ಬಿಗಿಯಾಗಬೇಕು. ಇಲ್ಲದಿದ್ದರೆ ವರ್ಷಕ್ಕೊಬ್ಬ ಏಚ, ವರ್ಷಕ್ಕೊಬ್ಬಳು ದೇಕಬ್ಬೆ.

ಮೈಸೂರಿನ ಅರಸರಲ್ಲಿ ಮಲ್ಲನೆಂದು ಹೆಸರಾದವನು ರಣಧೀರ ಕಂಠೀರವ ನರಸರಾಜ ಒಡೆಯ, ಆಳಿದ್ದು 1638ರಿಂದ 1659. ಮಾರುವೇಷದಲ್ಲಿ ತಿರುಚಿನಾಪಳ್ಳಿಗೆ ಹೋಗಿ, ಊರಬಾಗಿಲಿಗೆ ಚಲ್ಲಣ ಕಟ್ಟಿ ಎಲ್ಲರಿಗೂ ಸವಾಲು ಹಾಕಿದ್ದ ಜಟ್ಟಿಯನ್ನು ಕೊಂದು, ಹೆಸರು ಹೇಳದೆ ಹಿಂದಿರುಗಿದ ಕಥೆಯನ್ನು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. 1960ರಲ್ಲಿ ರಾಜ್‌ಕುಮಾರ್ ಸಿನಿಮಾ ಬಂದ ಮೇಲೆ ಅದು ಮನೆಮನೆಯ ಕಥೆಯಾಯಿತು. ದಸರಾ ಕುಸ್ತಿಯಲ್ಲಿ ಇವತ್ತಿಗೂ ದೊಡ್ಡ ಬಿರುದು 'ದಸರಾ ಕಂಠೀರವ'. (ಆ ಕುಸ್ತಿ ನಡೆಯುವ ಮೈಸೂರಿನ ಅಖಾಡಕ್ಕೆ ನಮ್ಮ ಹುಣಸೂರಿನ ದೇವರಾಜ ಅರಸರ ಹೆಸರಿದೆ ಎಂದು ಹೇಳದೆ ಬಿಟ್ಟರೆ ದೊಡ್ಡಪ್ಪ ನನ್ನನ್ನು ಮನೆಗೆ ಸೇರಿಸುವುದಿಲ್ಲ.)

ಆದರೆ ಇದೇ ಕಂಠೀರವ ನಮ್ಮ ಸೀಮೆಗೆ ಬಂದದ್ದು ಮಲ್ಲನಾಗಿ ಅಲ್ಲ. 1640ರ ದಶಕದಲ್ಲಿ ಅವನ ದಂಡು ಚೆಂಗಾಳ್ವರ ಪಿರಿಯಾಪಟ್ಟಣದ ಕೋಟೆಯನ್ನು ಮುತ್ತಿತು. ಅಲ್ಲಿ ಇಬ್ಬರು ಒಡೆಯರ ದ್ವಂದ್ವವಿರಲಿಲ್ಲ. ಮುತ್ತಿಗೆ, ಹಸಿವು, ಕೋಟೆಯ ಗೋಡೆ. ಇನ್ನು ಉಳಿಗಾಲವಿಲ್ಲ ಎಂದಾದಾಗ ಚೆಂಗಾಳ್ವ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಹೊರಬಿದ್ದು ಸತ್ತ ಎಂದು ರೈಸರ ಗೆಜೆಟಿಯರು ಹೇಳುತ್ತದೆ. ಆ ಕೋಟೆಯ ಕಂದಕದ ಹತ್ತಿರ ನಿಂತಾಗಲೆಲ್ಲ ನನಗೆ ತಿರುಚಿನಾಪಳ್ಳಿಯ ಕಥೆ ಸಣ್ಣದಾಗಿ ಕಾಣುತ್ತದೆ. ಒಳಗಿದ್ದ ಹೆಂಗಸರಿಗೆ ಯಾರೂ ಸುರಿಗೆ ಕೊಟ್ಟು, ನೀವೇನು ಮಾಡುತ್ತೀರಿ ಎಂದು ಕೇಳಲಿಲ್ಲ. ಅವರ ರಕ್ಷಣೆಯ ಅರ್ಥವನ್ನು ಬೇರೆಯವರು ತೀರ್ಮಾನಿಸಿದರು.

ಆಯುಧ ಯಾರ ಕೈಯಲ್ಲಿರಬೇಕು ಎಂಬುದೇ ವಿದ್ಯೆಗಿಂತ ದೊಡ್ಡ ಪ್ರಶ್ನೆಯಾದದ್ದು 1857ರ ನಂತರ. ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಎಂದರು. ಕಂಪನಿಯ ದಂಡು ಊರಿಗೆ ಬೆಂಕಿ ಇಟ್ಟಿತು, 19 ಮಂದಿಯನ್ನು ಗಲ್ಲಿಗೇರಿಸಿತು. ಆ ಲಾವಣಿಯನ್ನು ಶಾಲೆಯಲ್ಲಿ ಓದದ ಕನ್ನಡಿಗರು ಕಡಿಮೆ. ಅದೇ ಕಾಯಿದೆಯಿಂದ ಕೊಡವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇವತ್ತಿನವರೆಗೂ ಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡ. 2019ರಲ್ಲಿ ಅದು 2029ರವರೆಗೆ ಮುಂದುವರಿಯಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು.

ಇದರ ಅರ್ಥ ತಿಳಿಯಬೇಕಾದರೆ ಪಿರಿಯಾಪಟ್ಟಣದಿಂದ ಬಸ್ಸು ಹತ್ತಿ ಕೊಪ್ಪದ ಬಳಿ ಕಾವೇರಿ ದಾಟಬೇಕು. ನದಿಯ ಆ ಕಡೆ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಹೂವಿಟ್ಟು ಪೂಜಿಸುತ್ತಾರೆ. ಈ ಕಡೆ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳ ಬೆಳೆಯುವ ರೈತ ಒಂದು ಕೋವಿಗೆ ಅರ್ಜಿ ಹಾಕಿ ಕಚೇರಿ ಅಲೆಯುತ್ತಾನೆ. ಸಿಕ್ಕರೂ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಬೇಕು. ಕಾಡು ಒಂದೇ, ಆನೆಯೂ ಒಂದೇ. ಕೊಡವರ ಹಕ್ಕಿಗೆ ನನ್ನ ತಕರಾರಿಲ್ಲ, ಅದಕ್ಕೆ ಅದರದೇ ಚರಿತ್ರೆಯಿದೆ. ಆದರೆ ಆತ್ಮರಕ್ಷಣೆಯನ್ನು ಬರೀ ಮೈಕಟ್ಟು, ಪಟ್ಟು, ಧೈರ್ಯದ ವಿಷಯವೆಂದು ಮಾತಾಡುವಾಗ ಈ ನದಿಯನ್ನು ಮರೆಯಬಾರದು. ಕಾಡಂಚಿನ ಊರುಗಳಲ್ಲಂತೂ ನಿಜವಾಗಿ ಜೀವ ಉಳಿಸುವುದು ಕೋವಿಯೂ ಅಲ್ಲ. ವೀರನಹೊಸಹಳ್ಳಿಯ ಕಡೆ ಹಳೆಯ ರೈಲು ಕಂಬಿಗಳಿಂದ ಕಟ್ಟಿದ ಬೇಲಿ, ಮರದ ಮೇಲಿನ ಅಟ್ಟಣೆ, ಟಾರ್ಚು, ಒಬ್ಬರೇ ಹೋಗದಿರುವುದು. ಆನೆಯ ಎದುರು ಯಾವ ವರಸೆಯೂ ಇಲ್ಲ ಎಂದು ಹಾಡಿಯ ಜೇನುಕುರುಬ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ.

1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಆಯುಧ ಎಂದರೇನು ಎಂದು ವಿವರಿಸುವ ಕಡೆ ಒಂದು ಸ್ವಾರಸ್ಯವಿದೆ. ಮನೆವಾರ್ತೆಗೆ, ಬೇಸಾಯಕ್ಕೆ ಮಾತ್ರ ಮಾಡಿದ ವಸ್ತುಗಳು, ದೊಣ್ಣೆ, ಊರುಗೋಲು ಇವೆಲ್ಲ ಆಯುಧವಲ್ಲ. ಹಾಗಾದರೆ ಓಬವ್ವನ ಒನಕೆಯೂ ಅಲ್ಲ! ಅವಳ ಕಥೆಯನ್ನು ನಾವು ಧೈರ್ಯದ ಕಥೆಯಾಗಿಯಷ್ಟೇ ಹೇಳುತ್ತೇವೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ, ಬಗ್ಗಿ, ತಲೆ ಮುಂದೆ ಮಾಡಿ ಮಾತ್ರ ಬರಬಹುದಾದ ಕಿಂಡಿ. ಪಕ್ಕದಲ್ಲಿ ಕಾಣದಂತೆ ನಿಲ್ಲಲು ಜಾಗ. ದಿನಾ ಎತ್ತಿ ಕುಟ್ಟಿ ಕೈಗೆ ಪಳಗಿದ ಒನಕೆ. ಅವಳು ಯಾವ ಗರಡಿಗೂ ಹೋದವಳಲ್ಲ. ವರ್ಷಗಟ್ಟಲೆ ಭತ್ತ ಕುಟ್ಟಿದ್ದೇ ಅವಳ ತಾಲೀಮು. ಬಯಲಿನಲ್ಲಿ ಅದೇ ಒನಕೆ ಹಿಡಿದು ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಂಬಾರಿಯಲ್ಲಿ ಬೂತುಗನಿಗೆ ಸುರಿಗೆ ಒದಗಿದ ಹಾಗೆಯೇ ಇದೂ.

ಇಷ್ಟೆಲ್ಲ ನನಗೆ ಯಾಕೆ ಬೇಕು ಎಂದರೆ, ಜಗಲಿಯ ಆ ವಾದದಲ್ಲಿ ಚಾಕುವಿನವನನ್ನು ಕಲ್ಪಿಸಿಕೊಂಡವರು ಇಬ್ಬರೂ ಗಂಡಸರು. ನನಗೆ ಅವನನ್ನು ಕಲ್ಪಿಸಿಕೊಳ್ಳುವ ಅಗತ್ಯ ಬಂದಿಲ್ಲ. ನಾನು ಎದುರಿಸಿದವರ ಕೈಯಲ್ಲಿ ಚಾಕು ಇರಲಿಲ್ಲ. ರಾತ್ರಿ ಹತ್ತರ ಬಸ್ಸಿನಲ್ಲಿ ಪಕ್ಕದ ಸೀಟಿನವನ ಮೊಣಕೈ, ಕ್ಷೇತ್ರಕಾರ್ಯಕ್ಕೆ ಹೋದ ಕಡೆ ಕಲ್ಲು ತೋರಿಸುತ್ತೇನೆಂದು ತೋಟದೊಳಗೆ ಕರೆದುಕೊಂಡು ಹೋಗಿ ದಾರಿಗೆ ಅಡ್ಡ ನಿಂತ ಒಬ್ಬ ಗೌರವಸ್ಥ. ಆ ದಿನ ನನ್ನ ಚೀಲದಲ್ಲಿ ಪೆಪ್ಪರ್ ಸ್ಪ್ರೇ ಇತ್ತು. ಕೈ ಚೀಲದ ಜಿಪ್ಪಿನವರೆಗೂ ಹೋಗಲಿಲ್ಲ. ಜೋರಾಗಿ, ಅರ್ಥವಿಲ್ಲದೆ, ಡ್ರೈವರಣ್ಣನ ಹೆಸರು ಹಿಡಿದು ಕೂಗಿದೆ. ಅವನು ದಾರಿ ಬಿಟ್ಟ. ಕೂಗು ಕೆಲಸ ಮಾಡಿತು, ಆಯುಧ ಮಾಡಲಿಲ್ಲ. ಬಳಸಿದ್ದರೆ ಏನಾಗುತ್ತಿತ್ತೋ, 2024ರಲ್ಲಿ ನಮ್ಮ ಹೈಕೋರ್ಟು ಬೆಂಗಳೂರಿನ ಪ್ರಕರಣವೊಂದರಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಎಣಿಸಿ ತನಿಖೆ ರದ್ದುಮಾಡಲು ಒಪ್ಪಲಿಲ್ಲ. ಅಲ್ಲಿನ ಸಂಗತಿ ಬೇರೆ, ನನ್ನದು ಬೇರೆ. ಆದರೂ ಅದನ್ನು ಓದಿದ ದಿನ ನನಗೆ ತಲಕಾಡು ನೆನಪಾಯಿತು.

ಪೆಣ್ಬುಯ್ಯಲ್ ಎಂಬ ಪದವನ್ನು ಅದಕ್ಕಿಂತ ಮೊದಲು ನಾನು ಗಂಡಸರ ಶೌರ್ಯದ ಒಂದು ವಿಭಾಗವೆಂದು ಕಾರ್ಡಿನಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಪದದೊಳಗೆ ಒಂದು ಕೂಗು ಇದೆ ಎಂದು ಆಮೇಲೆ ಕಂಡಿತು. ಓಡಿ ಬಂದವನಿಗೆ ಕಲ್ಲು ನಿಂತಿತು. ಕೂಗಿದವಳು ಮೊದಲು ಕೂಗಿದ್ದರಿಂದ ಅವನು ಬಂದ.

ದೊಡ್ಡಪ್ಪನ ಗರಡಿಗೆ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಹನುಮಂತ ಇದ್ದಾನೆ, ಬ್ರಹ್ಮಚಾರಿ ಎಂಬ ಕಾರಣ. ಎಂಟು ವರ್ಷದವಳಿದ್ದಾಗ ಬಗ್ಗಿ ಒಳಗೆ ಹೋಗಬೇಕಾದ ಆ ಗಿಡ್ಡ ಬಾಗಿಲ ಹೊರಗೆ ನಿಂತು, ಒಳಗಿನ ಕತ್ತಲೆಯಲ್ಲಿ ಕೆಮ್ಮಣ್ಣಿನ, ಎಣ್ಣೆಯ ವಾಸನೆ ಹಿಡಿದು, ಉಸ್ಸೆನ್ನುವ ಉಸಿರುಗಳನ್ನು ಕೇಳಿದ್ದು ನೆನಪಿದೆ. ಈಚಿನ ವರ್ಷಗಳಲ್ಲಿ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳ ಜೋಡಿಗಳೂ ಇವೆ. ಸರ್ಕಾರದ ಹಾಸ್ಟೆಲು, ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲೇ ಕರಾಟೆ ಕಲಿಸುವ ಯೋಜನೆ ಬಂದಿದೆ. ಕೆಲವು ತಿಂಗಳ ಕರಾಟೆಯಿಂದ ಏನಾಗುತ್ತದೆ ಎಂದು ತಮ್ಮ ನಗುತ್ತಾನೆ. ಪೆಟ್ಟಿನ ಲೆಕ್ಕದಲ್ಲಿ ಅವನ ಮಾತು ಸರಿಯಿರಬಹುದು. ಆದರೆ ಐವತ್ತು ಹುಡುಗಿಯರು ಮೈದಾನದಲ್ಲಿ ನಿಂತು ಒಟ್ಟಿಗೆ ಗಂಟಲು ಹರಿಯುವಂತೆ ಕೂಗುವುದನ್ನು ಅವನು ಹತ್ತಿರದಿಂದ ನೋಡಿಲ್ಲ. ತಗ್ಗಿದ ದನಿಯಲ್ಲಿ ಮಾತಾಡು ಎಂದು ಹುಟ್ಟಿದಾಗಿನಿಂದ ಕೇಳಿಸಿಕೊಂಡವರಿಗೆ ಮೊದಲು ಬರಬೇಕಾದ ಪಟ್ಟು ಅದೇ.

ಇದನ್ನೆಲ್ಲ ದೀಪಾವಳಿಗೆ ಹೋದಾಗ ದೊಡ್ಡಪ್ಪನಿಗೆ ಹೇಳಿದೆ, ತೋಟದ ಗೌರವಸ್ಥನ ವಿಷಯವನ್ನೂ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ಹಿತ್ತಲಿಗೆ ಬಾ ಎಂದರು. ಹುಲ್ಲು ಹಾಸಿದ ಕಡೆ ನಿಲ್ಲಿಸಿ, ನನ್ನ ಮಣಿಕಟ್ಟು ಹಿಡಿದು, "ಎಳೀಬ್ಯಾಡ. ಹೆಬ್ಬೆಟ್ಟು ಇರೋ ಕಡೀಕೆ ತಿರುಗ್ಸು" ಎಂದರು. ನಾಲ್ಕನೆಯ ಸಲಕ್ಕೆ ಕೈ ಬಿಟ್ಟುಕೊಂಡಿತು. "ಬುಟ್ಕೊಂಡ್ಯಾ? ಇನ್ನು ನಿಂತ್ಕೋಬ್ಯಾಡ, ಓಡು" ಎಂದರು. ಹಿತ್ತಲಿನ ಬೇಲಿಯವರೆಗೆ ನಿಜವಾಗಿಯೂ ಓಡಿಸಿದರು. ಮೂವತ್ತರ ಹತ್ತಿರ ಬಂದವಳು, ಸೀರೆಯಲ್ಲಿ. ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಈ ಸಲ ನಗಲಿಲ್ಲ.

ಕೈಕಾಲು ತೊಳೆದು ಕೂತ ಮೇಲೆ ದೊಡ್ಡಪ್ಪ ಕೇಳಿದರು: "ಅಲ್ಲ ಕಣವ್ವ, ಆ ಏಚ ಅನ್ನೋನು ಯಾವ ಪಟ್ಟು ಹಾಕಿದ್ನಂತೆ?"

ಕಲ್ಲಿನ ಗಮನ ಅವನ ಮೇಲಿಲ್ಲ, ಅವನ ಹೆಂಡತಿಯ ಮೇಲೆ ಎಂದೆ.

"ಆಯಮ್ಮಂಗೆ ಯಾರೂ ಅಡ್ಡ ಬರ್ನಿಲ್ವಾ?"

"ಬಂದ್ರು ದೊಡ್ಡಪ್ಪ. ಅಪ್ಪ, ಅವ್ವ ಎಲ್ರೂ ಬಂದ್ರು."

ಅವರು ಮುದುಡಿದ ಕಿವಿಯನ್ನು ಉಜ್ಜಿಕೊಳ್ಳುತ್ತಾ, ಬೆಳತೂರಿಗೆ ಇಲ್ಲಿಂದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು.